ಐದನೇ ಗಂಟೆ

ವಿದ್ಯಾರ್ಥಿ ಸಂಘಗಳ ಮೇಳದಲ್ಲಿ ನಾನು ಆ ಮೇಜಿಗೆ ಹೋದದ್ದು
ಅಲ್ಲಿ ಬಿಟ್ಟಿ ಕೇಕು ಇತ್ತೆಂದು.
ಈಗಲೂ ಒಪ್ಪಿಕೊಳ್ಳುತ್ತೇನೆ.
ಡಿಬೇಟಿನವರು, ದೋಣಿ ಹುಟ್ಟುಹಾಕುವವರು, ವೈನ್ ಸವಿಯುವವರು
ನನ್ನ ಎರಡು ಮಾತು ಕೇಳಿ "ಓ, ಗ್ರಿಮ್ಸ್‌ಬಿ!" ಅಂದಿದ್ದರು,
ಮೀನಿನ ವಾಸನೆ ಹುಡುಕುವಂತೆ ತುಸು ಮೂಗರಳಿಸಿ.
ಅಪ್ಪ ಹ್ಯಾಡಕ್ ಸೀಳುವವನು, ನಿಜ.
ನಾರುವುದು ಅವನ ಕೈ, ನನ್ನದಲ್ಲ.
ಹಾಗೆ ಅಂದುಕೊಂಡ ರಾತ್ರಿ ನಿದ್ದೆ ಬರಲಿಲ್ಲ.

ಈ ಮೇಜಿನ ಹುಡುಗ, ಒಸ್ವಿನ್, ಕೇಳಿದ್ದು ಒಂದೇ:
"ಒಂದರಿಂದ ಆರರವರೆಗೆ ಎಣಿಸಲು ಬರುತ್ತದಾ?"

ಹೀಗೆ, ಗುರುವಾರ ಸಂಜೆ ಆರು ಗಂಟೆಗೆ
ಆರು ಗಂಟೆಗಳ ಗೋಪುರಕ್ಕೆ.
ಅರವತ್ತೊಂದು ಮೆಟ್ಟಿಲು, ಶಂಖದ ಒಳಗೆ ಹತ್ತಿದಂತೆ.
ಬಾರಿಸುವವರಿಗೆ ಇಲ್ಲಿ ಗಂಟೆ ಕಾಣುವುದಿಲ್ಲ,
ಮಾಳಿಗೆಯ ತೂತಿನಿಂದ ಇಳಿದ ಹಗ್ಗ ಮಾತ್ರ,
ಹಿಡಿಯುವ ಕಡೆ ಕೆಂಪು ಬಿಳಿ ಉಣ್ಣೆ
ಕಂಬಳಿಹುಳದಷ್ಟು ಮೆತ್ತಗೆ.
ಗೋಪುರದ ಯಜಮಾನಿ ಪ್ರುಡೆನ್ಸ್ ಹಾರ್ಕರ್,
ಮೂವತ್ತು ವರ್ಷ ಊರ ಬಸ್ಸು ಓಡಿಸಿದವಳು, ಹೇಳಿದಳು:
"ಎಳೆಯುವುದಲ್ಲ, ಬಿಡುವುದನ್ನು ಕಲಿ.
ಮೇಲಿರುವವಳು ಅರ್ಧ ಟನ್ನಿನ ಹೆಂಗಸು.
ನೀನು ಜಗ್ಗಿದೆ ಅಂತ ಬರುವವಳಲ್ಲ."

ನಾಲ್ಕು ವಾರ ನನ್ನ ಗಂಟೆಯ ನಾಲಿಗೆ ಕಟ್ಟಿಟ್ಟಿದ್ದರು,
ಕಲಿಯುವವರ ತಪ್ಪು ಊರಿಗೆ ಕೇಳಬಾರದೆಂದು.
ಅವಳು ಮೇಲೆ ಇಡಿಯಾಗಿ ತಿರುಗುವಳು, ಸದ್ದಿಲ್ಲ.
ನಾನೂ ಹಾಗೇ ತಿರುಗುತ್ತಿದ್ದೆ:
ಕ್ಲಾಸು, ಲೈಬ್ರರಿ, ಬಟ್ಟೆ ಒಗೆವ ಯಂತ್ರಗಳ ಕೋಣೆ.
ಅಲ್ಲಿ ಬೆಚ್ಚಗಿರುತ್ತದೆ; ಊಟದ ಡಬ್ಬಿ ತೆರೆದರೆ
"ಒಬ್ಬಳೇನಾ?" ಎಂದು ಯಾರೂ ಕೇಳುವುದಿಲ್ಲ.

ನಾಲಿಗೆ ಬಿಚ್ಚಿದ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ.
"ತಡವಾದೆ," ಅಂದಳು ಯಾನಿನಾ. "ನಾಲ್ಕರ ಬೆನ್ನಿಗೇ ಬಾ. ಇನ್ನೊಮ್ಮೆ."
ಇನ್ನೊಮ್ಮೆ. ಇನ್ನೊಮ್ಮೆ.
ಕಿವಿಯಲ್ಲೂ ಬೊಬ್ಬೆ, ಅಂಗೈಯಲ್ಲೂ ಬೊಬ್ಬೆ.
ಆಮೇಲೆ ಪಬ್ಬಿನಲ್ಲಿ ತಟ್ಟೆ ಸುತ್ತುವಾಗ
"ಐದಕ್ಕೆ ಕೊಟ್ರಾ?" ಅಂದ ಡೆಸ್ಮಂಡ್.
ನನ್ನ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ.
ಒಂದು ಅಂಕಿಯಾಗಲು ಇಷ್ಟು ದೂರ ಬಂದೆನೆ?

ನವೆಂಬರಿನ ಒಂದು ಗುರುವಾರ ಹೋಗಲಿಲ್ಲ.
ತಲೆನೋವೆಂಬ ಸುಳ್ಳನ್ನೂ ಹೇಳಿ ಕಳಿಸಲಿಲ್ಲ.
ಬೂಟು ಬಿಚ್ಚದೆ ಮಂಚದಲ್ಲಿ ಬಿದ್ದಿದ್ದೆ.
ನದಿಯಾಚೆಯಿಂದ ಶುರುವಾಯಿತು:
ಒಂದು, ಎರಡು, ಮೂರು, ನಾಲ್ಕು,
—
ಆರು.
ಒಂದು, ಎರಡು, ಮೂರು, ನಾಲ್ಕು,
—
ಆರು.

ಐವರೇ ಒತ್ತಿಕೊಂಡು ಬಾರಿಸಬಹುದಿತ್ತು,
ಸಂದು ಮುಚ್ಚಿ. ಮುಚ್ಚಿರಲಿಲ್ಲ.
ಆರನೆಯದು ಡೆಸ್ಮಂಡನದು;
ಬಿಲ್ಲು ಬರುವ ಮೊದಲೇ ಕೋಟು ತೊಡುವವನು,
ಅಂಥವನು ಪ್ರತಿ ಸುತ್ತಿನಲ್ಲೂ
ನನ್ನಷ್ಟಗಲ ಕಾಯುತ್ತಿದ್ದ.
ಬಸ್ಸಿಗೆ ನಿಂತವರು ಅಂದುಕೊಂಡಿರಬೇಕು,
ಈ ಕಾಲೇಜು ಹುಡುಗರಿಗೆ ಲಯವೇ ಇಲ್ಲ.

ಓಡಿದೆ. ಸೇತುವೆ, ಏರು, ಅರವತ್ತೊಂದು ಮೆಟ್ಟಿಲು.
ತಲುಪುವಷ್ಟರಲ್ಲಿ ಹಗ್ಗಗಳನ್ನು ಸುತ್ತಿಟ್ಟಿದ್ದರು.
ಏದುಸಿರಿನಲ್ಲಿ ಏನೋ ಹೇಳಹೊರಟೆ, ನಮ್ಮೂರ ರಾಗದಲ್ಲೇ.
ಪ್ರುಡೆನ್ಸ್ ಕೈಗೆ ಪೊರಕೆ ಕೊಟ್ಟಳು:
"ಮೇಲೆ ಪಾರಿವಾಳದ ಹಿಕ್ಕೆ. ಈ ವಾರದ ಸರದಿ ಐದರದು."

ಆವತ್ತೇ ಅವಳನ್ನು ಮೊದಲು ನೋಡಿದ್ದು, ಟಾರ್ಚಿನ ಬೆಳಕಲ್ಲಿ.
ಬಾಯಿ ಕೆಳಗೆ ಮಾಡಿ ನೇತಿದ್ದಳು,
ಅಂಚಿನಲ್ಲಿ ಒಂದು ಮುಕ್ಕು,
ಭುಜದ ಮೇಲೆ ಎರಕ ಹೊಯ್ದವನ ಹೆಸರು ಅರ್ಧ ಸವೆದು.
ಕೈಯಿಟ್ಟೆ. ಇನ್ನೂ ಸಣ್ಣಗೆ ನಡುಗುತ್ತಿದ್ದಳು,
ಅಥವಾ ನಾನೇ.
ಗುಡಿಸಿ ಮುಗಿಸಿ ಅಂಗೈ ಮೂಸಿದೆ:
ತಾಮ್ರ, ಗ್ರೀಸು, ಹಕ್ಕಿ.
ಸಾಬೂನಿಗೆ ಜಗ್ಗುವ ವಾಸನೆಯಲ್ಲ.
ಅಪ್ಪನಿಗೆ ಫೋನು ಮಾಡಬೇಕು ಅನಿಸಿತು.

ಕೆಳಗಿನಿಂದ ಕೂಗು:
"ಐದೇ, ಬಾರೇ ಬೇಗ, ಚಿಪ್ಸ್ ಆರುತ್ತಿದೆ!"